ಮೊದಲೇ ದೊರೆತ ಮೆಚ್ಚುಗೆ

ಮಾನ್ಯ ಸಂಪಾದಕರೇ,

ಕೆಲವು ವಾರಗಳಿಂದ ತಮ್ಮ ವಾಚಕರ ವಿಭಾಗದಲ್ಲಿ ಎಳೆಯರ ಮನಸ್ಸಿನ ನೆಮ್ಮದಿಯ ಕುರಿತು ನಡೆದಿರುವ ಚರ್ಚೆಯನ್ನು ತಪ್ಪದೆ ಓದುತ್ತಿದ್ದೇನೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಎರಡೇ ಮಾತು ಹೇಳಿವೆ. ಒಂದು, ಗೆಳೆಯರ ಮೆಚ್ಚುಗೆಗಾಗಿ ಮಕ್ಕಳು ಹೀಗೆ ಹಪಹಪಿಸಲು ಅವರ ಕೈಯಲ್ಲಿರುವ ಮೊಬೈಲೇ ಕಾರಣ ಎಂಬುದು; ಇನ್ನೊಂದು, ‘ನಾಲ್ಕು ಜನ ಏನೆಂದಾರು ಎಂಬ ಚಿಂತೆ ಬಿಡು, ನಿನ್ನನ್ನು ನೀನು ಮೆಚ್ಚಿಕೊಂಡರೆ ಸಾಕು’ ಎಂಬುದು. ಎರಡರಲ್ಲಿಯೂ ತಕ್ಕಷ್ಟು ಸತ್ಯವಿದೆ ಎಂದು ಒಪ್ಪುತ್ತಲೇ, ಮೊದಲನೆಯದು ರೋಗದ ವಯಸ್ಸನ್ನು ತಪ್ಪಾಗಿ ಲೆಕ್ಕ ಹಾಕಿದೆ, ಎರಡನೆಯದು ಕೊಡುತ್ತಿರುವ ಮದ್ದು ಬಹಳ ದಿನ ನಿಲ್ಲುವಂಥದ್ದಲ್ಲ ಎಂದು ನನಗೆ ತೋರುತ್ತದೆ. ನಾನು ಕ್ರೈಸ್ತ ವಿಶ್ವಾಸಿ. ಸಭೆಯ ಯುವಜನ ಕೂಟದಲ್ಲಿ ಹದಿಹರೆಯದವರೊಡನೆ ಕುಳಿತು ಬೈಬಲ್ ಓದುತ್ತ ಇಪ್ಪತ್ತು ವರ್ಷಗಳನ್ನು ಕಳೆದವನು. ಆ ನೆಲೆಯಿಂದಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುವುದು ಸರಿ. ಇದನ್ನು ಬೋಧನೆಯೆಂದು ತಿಳಿಯದೆ, ಒಬ್ಬ ಓದುಗನ ಅನುಭವವೆಂದು ಓದಬೇಕಾಗಿ ವಿನಂತಿ.

ಮೊಬೈಲು ಯಾರ ಕೈಯಲ್ಲಿಯೂ ಇರದಿದ್ದ ಕಾಲದಲ್ಲಿ ನಾನು ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗನೊಬ್ಬನಿದ್ದ. ಮಧ್ಯಾಹ್ನ ಬುತ್ತಿಯ ಡಬ್ಬಿ ತೆರೆದು, ಮುಚ್ಚಳವನ್ನು ಬಲಗಡೆಗೆ ಅಂಗಾತ ಇಟ್ಟು, ಊಟಕ್ಕೆ ಕೈ ಹಾಕುವ ಮೊದಲು ಕೆಲವು ಕ್ಷಣ ಕಣ್ಣು ಮುಚ್ಚುತ್ತಿದ್ದ. ತುಟಿಯೂ ಅಲುಗುತ್ತಿರಲಿಲ್ಲ. ಅದು ಪ್ರಾರ್ಥನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿಯೂ ಊಟಕ್ಕೆ ಮೊದಲು ಹಾಗೆಯೇ ಮಾಡುತ್ತಿದ್ದೆವು. ಕಾಲೇಜಿನಲ್ಲಿ ಮಾತ್ರ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ದಿನ ಅವನು ಕಣ್ಣು ಮುಚ್ಚಿದ್ದಾಗ ನಮ್ಮ ಗುಂಪಿನವನೊಬ್ಬ ಡಬ್ಬಿಯನ್ನು ಸದ್ದಿಲ್ಲದೆ ಎತ್ತಿ ಬೆಂಚಿನ ಕೆಳಗೆ ಇಟ್ಟ. ಕಣ್ಣು ತೆರೆದ ಹುಡುಗ ಅಲ್ಲಿ ಉಳಿದಿದ್ದ ಮುಚ್ಚಳವನ್ನೊಮ್ಮೆ, ಆಮೇಲೆ ನನ್ನನ್ನೊಮ್ಮೆ ನೋಡಿದ. ನಾನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ‘ನೀನೂ ಇವನ ಪೈಕಿಯೇ ಅಲ್ಲವೇನೋ?’ ಎಂದು ಯಾರೋ ಕೇಳಿದಾಗ, ‘ಮನೆಯವರು ಹೋಗುತ್ತಾರೆ, ನನಗೂ ಅದಕ್ಕೂ ಸಂಬಂಧವಿಲ್ಲ’ ಎಂದೆ. ಆ ಮಾತಿಗೆ ನನ್ನ ಹೆಗಲ ಮೇಲೊಂದು ಕೈ ಬಿತ್ತು. ಆ ಕೈಯ ಭಾರ ಇಷ್ಟು ವರ್ಷಗಳ ಮೇಲೂ ನೆನಪಿದೆ. ಅದು ಹಿತವಾಗಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಮರುದಿನ ಅದೇ ಕೈ ಬೇರೊಬ್ಬನ ಹೆಗಲ ಮೇಲಿತ್ತು.

ಸುವಾರ್ತೆಗಳನ್ನು ಓದಿದವರಿಗೆ ಈ ದೃಶ್ಯ ಹೊಸದಲ್ಲ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಯ ಸುತ್ತ ಚಳಿ ಕಾಯಿಸಿಕೊಳ್ಳುತ್ತಿದ್ದವರ ನಡುವೆ ಅವನ ಶಿಷ್ಯ ಪೇತ್ರನೂ ನಿಂತಿದ್ದ. ಅದಕ್ಕೆ ಕೆಲವೇ ಗಂಟೆಗಳ ಹಿಂದೆ ಕತ್ತಿ ಹಿರಿದವನು ಅವನೇ. ಅಂಥವನನ್ನು ಅಲುಗಾಡಿಸಿದ್ದು ಸೈನಿಕರ ಈಟಿಯಲ್ಲ, ‘ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವೇ’ ಎಂದು ಬಾಗಿಲು ಕಾಯುವ ದಾಸಿಯೊಬ್ಬಳು ಕೇಳಿದ ಪ್ರಶ್ನೆ. ಅಲ್ಲ ಎಂದುಬಿಟ್ಟ. ಬೆಂಕಿಯ ಸುತ್ತಲಿನ ಜಾಗ ಕಳೆದುಹೋದೀತೆಂಬ ಭಯ ಎಷ್ಟು ದೊಡ್ಡದೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು.

ಇನ್ನೂ ಒಂದು ಹಳೆಯ ಸಾಕ್ಷಿಯನ್ನು ಕರೆಯಬಹುದು. 354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಸಂತ ಅಗಸ್ಟಿನ್, ತನ್ನ ನಲವತ್ತು ದಾಟಿದ ವಯಸ್ಸಿನಲ್ಲಿ ಬರೆದ ಆತ್ಮನಿವೇದನೆಯಲ್ಲಿ, ಹದಿನಾರರ ಹರೆಯದಲ್ಲಿ ಮಾಡಿದ ಒಂದು ಕಳ್ಳತನವನ್ನು ಪುಟಗಟ್ಟಲೆ ಕೆದಕುತ್ತಾನೆ. ಕದ್ದದ್ದು ಚಿನ್ನವಲ್ಲ, ನೆರೆಯವರ ಮರದ ಪಿಯರ್ ಹಣ್ಣು. ಹಸಿವಿರಲಿಲ್ಲ, ಹಣ್ಣು ನೋಡಲು ಚೆನ್ನಾಗಿಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹಣ್ಣು ಅವನ ಮನೆಯಲ್ಲಿಯೇ ಇತ್ತು. ರಾತ್ರಿ ಗುಂಪಾಗಿ ಹೋಗಿ ಮರವನ್ನು ಅಲುಗಿಸಿ, ಹೊರಲಾರದಷ್ಟು ಹಣ್ಣು ಹೊತ್ತು ತಂದು, ಅದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಏಕೆ ಮಾಡಿದೆ ಎಂದು ತನ್ನನ್ನೇ ಹಿಂಡಿ ಕೇಳುತ್ತ ಹೋಗಿ ಅವನು ಕಡೆಗೆ ಮುಟ್ಟುವ ಉತ್ತರ: ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ. ‘ಬನ್ನಿ, ಹೋಗೋಣ’ ಎಂದು ಯಾರಾದರೂ ಅಂದರೆ ಸಾಕು, ನಾಚಿಕೆಗೆಟ್ಟವನಾಗದೆ ಇರುವುದೇ ನಾಚಿಕೆಯೆನಿಸಿಬಿಡುತ್ತದೆ. ಅವನು ಒಪ್ಪಿಕೊಳ್ಳುವ ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹತ್ತಿರದ್ದೆನಿಸುತ್ತದೆ. ಗೆಳೆಯರು ತಮ್ಮ ಪುಂಡಾಟಗಳನ್ನು ಕೊಚ್ಚಿಕೊಳ್ಳುವಾಗ ತಾನು ಹಿಂದೆ ಬೀಳಬಾರದೆಂದು, ಮಾಡದ ತಪ್ಪುಗಳನ್ನೂ ಮಾಡಿದೆನೆಂದು ಅವನು ಸುಳ್ಳು ಹೇಳುತ್ತಿದ್ದನಂತೆ. ಹದಿನಾರು ಶತಮಾನಗಳ ಹಿಂದಿನ ಆ ಹುಡುಗನನ್ನು ಇಂದಿನ ಯಾವ ಹಾಸ್ಟೆಲಿನ ಕೋಣೆಯಲ್ಲಿ ತಂದು ಕೂರಿಸಿದರೂ ಅವನು ಪರಕೀಯನೆನಿಸಲಾರ.

‘ಜನ ಮರುಳೋ ಜಾತ್ರೆ ಮರುಳೋ’ ಎಂದು ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಅಳೆದು ತೋರಿಸಿದ. ಗೆರೆಗಳ ಉದ್ದವನ್ನು ಹೋಲಿಸುವ, ಮಗುವೂ ತಪ್ಪದ ಪ್ರಶ್ನೆ ಅದು. ಒಬ್ಬನನ್ನು ಬಿಟ್ಟು ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಹೇಳುವವರು. ಆ ಒಬ್ಬನ ಸ್ಥಾನದಲ್ಲಿ ಕುಳಿತವರಲ್ಲಿ ಸುಮಾರು ನಾಲ್ವರಲ್ಲಿ ಮೂವರು, ತಮ್ಮ ಕಣ್ಣಿಗೆ ಕಂಡದ್ದನ್ನು ಬಿಟ್ಟು, ಒಮ್ಮೆಯಾದರೂ ಗುಂಪಿನ ತಪ್ಪನ್ನೇ ಹೇಳಿದರು. ಇದು ಎಲ್ಲರಿಗೂ ಗೊತ್ತಿರುವ ಭಾಗ. ಅಷ್ಟಾಗಿ ಯಾರೂ ನೆನೆಯದ ಭಾಗವೊಂದಿದೆ: ಆ ಕೋಣೆಯಲ್ಲಿ ಸರಿಯಾದ ಉತ್ತರ ಹೇಳುವ ಇನ್ನೊಬ್ಬನೇ ಒಬ್ಬ ಇದ್ದರೂ, ಗುಂಪಿಗೆ ಮಣಿಯುವುದು ಬಹುಮಟ್ಟಿಗೆ ಇಳಿದುಹೋಗುತ್ತಿತ್ತು. ಬಾಬೆಲಿನ ಬಯಲಿನಲ್ಲಿ ಎಲ್ಲರೂ ಬಂಗಾರದ ಪ್ರತಿಮೆಗೆ ಅಡ್ಡಬಿದ್ದಾಗ ನಿಂತೇ ಉಳಿದವರು ಮೂವರು, ಒಬ್ಬನಲ್ಲ, ಎಂಬುದನ್ನು ದಾನಿಯೇಲನ ಗ್ರಂಥ ಓದುವಾಗಲೆಲ್ಲ ನಾನು ಗಮನಿಸುತ್ತೇನೆ. ಅಂದು ಬೆಂಚಿನ ಮುಂದೆ ಆ ಹುಡುಗನ ಪಾಲಿಗೆ ಎರಡನೆಯವನಾಗಬಹುದಾಗಿದ್ದವನು ನಾನೇ.

ಆದ್ದರಿಂದ ಮೊಬೈಲಿನ ಮೇಲೆ ನನಗೆ ಹೆಚ್ಚಿನ ಕೋಪವಿಲ್ಲ. ಫೇಸ್‌ಬುಕ್ಕಿನಲ್ಲಿ ‘ಲೈಕ್’ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೆ ಮೊದಲು ಹೆಗಲ ಮೇಲಿನ ಕೈಗೆ ಎಣಿಕೆ ಇರಲಿಲ್ಲ, ಅನಂತರ ಎಣಿಕೆ ಬಂತು, ಅಷ್ಟೆ. ಎಣಿಕೆಯಿಂದ ಹಾನಿ ಹೆಚ್ಚಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2021ರಲ್ಲಿ ಇನ್‌ಸ್ಟಾಗ್ರಾಂ ಆ ಅಂಕಿಯನ್ನು ಮರೆಮಾಡುವ ಅವಕಾಶ ಕೊಟ್ಟಿತು. ಅಂಕಿ ಮರೆಯಾಗಬಹುದು, ಅಂಕಿಗಾಗಿ ಕಾದು ಕುಳಿತ ಮನಸ್ಸು ಅಲ್ಲಿಯೇ ಇರುತ್ತದೆ.

ಇನ್ನು ಎರಡನೆಯ ಸಲಹೆಗೆ, ಅಂದರೆ ನಿನ್ನನ್ನು ನೀನೇ ಮೆಚ್ಚಿಕೋ ಎಂಬುದಕ್ಕೆ ಬರುತ್ತೇನೆ. ಇದನ್ನು ಹೇಳುವವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಾಲ್ಕು ಜನರ ನ್ಯಾಯಾಲಯದಿಂದ ಮೊಕದ್ದಮೆಯನ್ನು ಎತ್ತಿ ತನ್ನದೇ ನ್ಯಾಯಾಲಯಕ್ಕೆ ತಂದುಕೊಂಡ ಮಾತ್ರಕ್ಕೆ ಆರೋಪಿಗೆ ಬಿಡುಗಡೆಯಾಗುತ್ತದೆಯೇ? ನನ್ನ ಬಗ್ಗೆ ನನಗಿರುವ ಅಭಿಪ್ರಾಯ ಜನರ ಅಭಿಪ್ರಾಯಕ್ಕಿಂತಲೂ ಚಂಚಲ. ಬೆಳಿಗ್ಗೆ ಮೆಚ್ಚಿದವನನ್ನು ರಾತ್ರಿ ಹಾಸಿಗೆಯಲ್ಲಿ ಮೆಚ್ಚಲಾಗುವುದಿಲ್ಲ. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಈ ಎರಡು ನ್ಯಾಯಾಲಯಗಳಿಂದಲೂ ಒಟ್ಟಿಗೇ ಎದ್ದು ಹೊರಬರುತ್ತಾನೆ: ನೀವು ನನ್ನನ್ನು ವಿಚಾರಿಸುವುದು ನನಗೆ ಅತ್ಯಲ್ಪ ವಿಷಯ, ನನ್ನನ್ನು ನಾನೂ ವಿಚಾರಿಸಿಕೊಳ್ಳುವುದಿಲ್ಲ, ನನ್ನನ್ನು ವಿಚಾರಿಸುವವನು ಕರ್ತನೇ ಎಂಬುದು ಅವನ ಮಾತಿನ ತಾತ್ಪರ್ಯ. ಮೊದಲನೆಯ ಭಾಗವನ್ನು ಯಾವ ಸ್ವಾಭಿಮಾನಿಯಾದರೂ ಹೇಳಿಯಾನು. ಎರಡನೆಯ ಭಾಗ ಹೇಳುವುದು ಕಷ್ಟ.

ಈ ಕಷ್ಟವನ್ನು ಅತಿ ಸಮೀಪದಿಂದ ಬರೆದಿಟ್ಟವನು ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್. ಹಿಟ್ಲರನ ಆಡಳಿತವನ್ನು ವಿರೋಧಿಸಿ 1943ರ ಏಪ್ರಿಲಿನಲ್ಲಿ ಬಂಧಿತನಾದ ಅವನು, ಮರುವರ್ಷ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ‘ನಾನು ಯಾರು?’ ಎಂದು ಕೇಳುವ ಒಂದು ಕವಿತೆಯನ್ನು ಬರೆದ. ಸೆರೆಮನೆಯ ಕೋಣೆಯಿಂದ ಅವನು ಹೊರಬರುವ ಪರಿಯನ್ನು ನೋಡಿದರೆ ಜಮೀನ್ದಾರನೊಬ್ಬ ತನ್ನ ಬಂಗಲೆಯಿಂದ ಇಳಿದು ಬರುವಂತಿರುತ್ತದೆ ಎಂದು ಸುತ್ತಲಿನವರು ಹೇಳುತ್ತಿದ್ದರಂತೆ. ಅವನಿಗೋ ತಾನು ಪಂಜರದ ಹಕ್ಕಿಯಂತೆ ಕಳವಳದಲ್ಲಿ ಇರುವವನೆಂದು ಗೊತ್ತು. ಹಾಗಾದರೆ ನಿಜವಾದ ನಾನು ಯಾರು, ಅವರು ಕಂಡವನೋ, ನಾನು ಬಲ್ಲವನೋ? ಇಂದಿನ ಸಲಹೆಗಾರನಾದರೆ, ಅವರು ಏನಾದರೂ ಅನ್ನಲಿ, ನೀನು ಬಲ್ಲವನೇ ನಿಜ ಎನ್ನುತ್ತಿದ್ದ. ಆದರೆ ಬಾನ್‌ಹಾಫರನ ಸಂದರ್ಭದಲ್ಲಿ ಆ ಒಳಗಿನ ತೀರ್ಪೇ ಹೆಚ್ಚು ಕ್ರೂರವಾಗಿತ್ತು. ಅವನು ಎರಡನ್ನೂ ಆರಿಸಿಕೊಳ್ಳುವುದಿಲ್ಲ. ನಾನು ಯಾರೇ ಆಗಿರಲಿ, ದೇವರೇ, ನೀನು ನನ್ನನ್ನು ಬಲ್ಲೆ, ನಾನು ನಿನ್ನವನು ಎಂಬಲ್ಲಿಗೆ ಕವಿತೆ ನಿಲ್ಲುತ್ತದೆ. 1945ರ ಏಪ್ರಿಲ್ 9ರಂದು, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಫ್ಲಾಸನ್‌ಬುರ್ಗ್ ಎಂಬ ನಾಜಿ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈಗ ನನ್ನ ಮುಖ್ಯ ಮಾತು. ಮತ್ತಾಯನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ನೀರಿನಿಂದ ಮೇಲೆ ಬಂದಾಗ ಆಕಾಶದಿಂದ ಒಂದು ದನಿ ಕೇಳಿಬರುತ್ತದೆ: ಈತನು ಪ್ರಿಯನಾಗಿರುವ ನನ್ನ ಮಗನು, ಈತನನ್ನು ನಾನು ಮೆಚ್ಚಿದ್ದೇನೆ. ನಮ್ಮ ಕನ್ನಡ ಬೈಬಲಿನಲ್ಲಿ ಬಳಸಿರುವುದು ಇದೇ ಕ್ರಿಯಾಪದ, ‘ಮೆಚ್ಚು’. ನಮ್ಮ ಮಕ್ಕಳು ದಿನವಿಡೀ ಬೆರಳ ತುದಿಯಲ್ಲಿ ಹುಡುಕುತ್ತಿರುವುದೂ ಅದನ್ನೇ. ಆ ಮಾತು ಬಂದ ಸಮಯವನ್ನು ಸ್ವಲ್ಪ ಗಮನಿಸಬೇಕು. ಯೇಸು ಆವರೆಗೆ ಒಂದು ಪ್ರಸಂಗವನ್ನೂ ಮಾಡಿರಲಿಲ್ಲ. ಒಬ್ಬ ರೋಗಿಯನ್ನೂ ವಾಸಿಮಾಡಿರಲಿಲ್ಲ, ಒಬ್ಬ ಶಿಷ್ಯನೂ ಜೊತೆಗಿರಲಿಲ್ಲ. ತೋರಿಸಲು ಏನೂ ಇರದಿದ್ದಾಗ ಮೆಚ್ಚುಗೆ ಬಂತು, ಕೆಲಸ ಆಮೇಲೆ ಶುರುವಾಯಿತು. ಮರು ಅಧ್ಯಾಯದಲ್ಲಿಯೇ ಅಡವಿಯಲ್ಲಿ ಸೈತಾನನು ಬಾಯಿ ತೆರೆದೊಡನೆ ಆಡುವ ಮಾತು, ‘ನೀನು ದೇವರ ಮಗನಾಗಿದ್ದರೆ’ ಎಂದು. ಅಂದರೆ, ಏನಾದರೂ ಮಾಡಿ ತೋರಿಸು. ಈ ಕಲ್ಲುಗಳನ್ನು ರೊಟ್ಟಿಯಾಗಿಸು, ದೇವಾಲಯದ ತುದಿಯಿಂದ ಧುಮುಕು. ಕಾಲೇಜಿನ ಬೆಂಚಿನ ಸುತ್ತ ನಮ್ಮನ್ನು ಆಳುತ್ತಿದ್ದುದೂ ಈ ‘ಆಗಿದ್ದರೆ’ ಎಂಬ ಪದವೇ. ನಮ್ಮವನಾಗಿದ್ದರೆ ಇದನ್ನು ಮಾಡು, ಗಂಡಸಾಗಿದ್ದರೆ ಇದನ್ನು ಕುಡಿ, ಗೆಳತಿಯಾಗಿದ್ದರೆ ಅವಳೊಡನೆ ಮಾತು ಬಿಡು.

ಗೆಳೆಯರ ಮೆಚ್ಚುಗೆ ಕೂಲಿ. ಮೊದಲು ದುಡಿಯಬೇಕು, ಆಮೇಲೆ ಕೈಗೆ ಬರುತ್ತದೆ, ಸಂಜೆಗೆ ಖರ್ಚಾಗುತ್ತದೆ, ನಾಳೆ ಮತ್ತೆ ದುಡಿಯಬೇಕು. ಕ್ರೈಸ್ತ ವಿಶ್ವಾಸದಲ್ಲಿ ಕೃಪೆ ಎಂದು ಕರೆಯುವುದು ಇದರ ತಿರುವುಮುರುವು. ಮಗನಿಗೆ ಹೇಳಿದ ಆ ಮಾತು, ವಿಶ್ವಾಸದಿಂದ ಅವನೊಡನೆ ಒಂದಾದವರಿಗೂ ಸಲ್ಲುತ್ತದೆ, ಅವರೂ ದತ್ತುಮಕ್ಕಳಾಗಿ ‘ಅಪ್ಪಾ, ತಂದೆಯೇ’ ಎಂದು ಕರೆಯುತ್ತಾರೆ ಎಂಬುದು ರೋಮಾಪುರದವರಿಗೆ ಬರೆದ ಪತ್ರದ ಬೋಧನೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನೆಂದೂ ಅದೇ ಪತ್ರ ಹೇಳುತ್ತದೆ. ದತ್ತುಪತ್ರಕ್ಕೆ ರುಜು ಬೀಳುವಾಗ ಮಗು ಅಂಕಪಟ್ಟಿ ತೋರಿಸಬೇಕಾಗಿಲ್ಲ. ಪರ್ವತ ಪ್ರಸಂಗದಲ್ಲಿ, ಜನರಿಗೆ ಕಾಣಲೆಂದು ದಾನಮಾಡುವವರ, ಪ್ರಾರ್ಥಿಸುವವರ, ಉಪವಾಸವಿರುವವರ ಬಗ್ಗೆ ಯೇಸು ಮೂರು ಸಾರಿಯೂ ಒಂದೇ ತೀರ್ಪು ಕೊಡುತ್ತಾನೆ: ಅವರು ತಮ್ಮ ಫಲವನ್ನು ಹೊಂದಿದ್ದಾಯಿತು. ಮೂಲ ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ ಆ ಕಾಲದ ವ್ಯಾಪಾರಸ್ಥರು ರಸೀದಿಗಳಲ್ಲಿ ಬರೆಯುತ್ತಿದ್ದದ್ದು, ‘ಪೂರ್ತಿ ಸಂದಿದೆ’ ಎಂಬರ್ಥದ್ದು. ಅದರಲ್ಲಿ ಬೈಗುಳವಿಲ್ಲ, ಶಾಪವಿಲ್ಲ. ಕೇಳಿದ್ದು ಚಪ್ಪಾಳೆ, ಚಪ್ಪಾಳೆ ಸಿಕ್ಕಿದೆ, ಬಾಕಿ ಏನೂ ಇಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪ ಬರುತ್ತದೆ. ನಮ್ಮ ಕೂಟದಲ್ಲಿ ಹದಿನೇಳರ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದಳು. ‘ನೀವು ಪ್ರೇಕ್ಷಕರನ್ನು ಬದಲಾಯಿಸಿಕೊಂಡಿದ್ದೀರಿ, ಅಷ್ಟೆ, ಮೊದಲು ಗೆಳೆಯರನ್ನು ಮೆಚ್ಚಿಸುತ್ತಿದ್ದಿರಿ, ಈಗ ದೇವರನ್ನು ಮೆಚ್ಚಿಸುತ್ತೀರಿ.’ ಅನೇಕ ವಿಶ್ವಾಸಿಗಳ ಮಟ್ಟಿಗೆ, ಅನೇಕ ದಿನ ನನ್ನ ಮಟ್ಟಿಗೂ, ಅವಳ ಮಾತು ನಿಜ ಎಂದು ಒಪ್ಪಿದೆ. ದೇವರನ್ನು ಇನ್ನೂ ದೊಡ್ಡ ಕಣ್ಣಿನ, ಇನ್ನೂ ಕಟ್ಟುನಿಟ್ಟಿನ ಗುಂಪೆಂದು ಭಾವಿಸಿದರೆ ಬದುಕು ಮೊದಲಿಗಿಂತ ಕಷ್ಟವಾಗುತ್ತದೆ, ಏಕೆಂದರೆ ಈ ಗುಂಪಿನಿಂದ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ಆದರೆ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲಿ, ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿಕೊಂಡು ಮನೆಗೆ ಮರಳುವ ಕಿರಿಯ ಮಗ ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಒಪ್ಪಿಗೆಯ ಮಾತನ್ನು ಮುಗಿಸುವ ಮೊದಲೇ, ಇನ್ನೂ ದೂರದಲ್ಲಿದ್ದಾಗಲೇ ಕಂಡು, ಅಪ್ಪ ಓಡಿ ಬಂದು ಅಪ್ಪಿಕೊಂಡಿರುತ್ತಾನೆ. ‘ನನ್ನನ್ನು ಕೂಲಿಯಾಳಾಗಿ ಇಟ್ಟುಕೋ’ ಎಂಬ ಕಡೆಯ ಸಾಲನ್ನು ಹೇಳಲು ಅವನಿಗೆ ಅವಕಾಶವೇ ಸಿಗುವುದಿಲ್ಲ. ಓಡಿ ಬಂದವನನ್ನು ಮೆಚ್ಚಿಸುವುದೆಂತು? ಅವನೊಡನೆ ಮನೆಯೊಳಗೆ ಹೋಗುವುದೊಂದೇ ಉಳಿದಿರುವುದು. ಹುಡುಗಿ ಪೂರ್ತಿ ಒಪ್ಪಲಿಲ್ಲ. ‘ಹಾಗಾದರೆ ಅಣ್ಣ ಏಕೆ ಹೊರಗೇ ನಿಂತ?’ ಎಂದು ಕೇಳಿದಳು. ಒಂದು ದಿನವೂ ತಪ್ಪದೆ ಮನೆಯಲ್ಲಿಯೇ ದುಡಿದು, ಎಷ್ಟು ದುಡಿದೆನೆಂದು ಲೆಕ್ಕ ಇಟ್ಟುಕೊಂಡಿದ್ದ ಆ ಅಣ್ಣನ ಬಗ್ಗೆಯೇ ಮುಂದಿನ ಎರಡು ವಾರ ಮಾತಾಡಿದೆವು.

ಅವಳಿಗೆ ಹೇಳಿದ ಇನ್ನೊಂದು ಸಂಗತಿ ಫ್ರಾನ್ಸಿನ ಗಣಿತಜ್ಞ ಪಾಸ್ಕಲನದು. 1654ರ ನವೆಂಬರ್ 23ರ ರಾತ್ರಿ, ಹತ್ತೂವರೆಯಿಂದ ನಡುರಾತ್ರಿ ದಾಟುವವರೆಗೆ, ಆಗ ಮೂವತ್ತೊಂದರ ವಯಸ್ಸಿನವನಾಗಿದ್ದ ಅವನಿಗೆ ಒಂದು ದೈವಾನುಭವವಾಯಿತು. ‘ಬೆಂಕಿ’ ಎಂಬ ಒಂದೇ ಪದವನ್ನು ಮೇಲೆ ಬರೆದು, ಅದರ ಕೆಳಗೆ ತುಂಡು ತುಂಡಾದ ಸಾಲುಗಳಲ್ಲಿ ಆ ಎರಡು ಗಂಟೆಗಳನ್ನು ಬರೆದಿಟ್ಟ. ಆನಂದ, ಆನಂದ, ಆನಂದ, ಆನಂದದ ಕಣ್ಣೀರು ಎಂದು ಅದರಲ್ಲಿದೆ. ಗಣಿತದಲ್ಲಿ, ಭೌತವಿಜ್ಞಾನದಲ್ಲಿ ಅಷ್ಟು ಹೊತ್ತಿಗಾಗಲೇ ಹೆಸರು ಗಳಿಸಿದ್ದ, ಪ್ರಕಟಿಸುವುದು ಹೇಗೆಂದು ಬಲ್ಲ ಮನುಷ್ಯ. ಆದರೂ ಅದನ್ನು ಯಾರಿಗೂ ತೋರಿಸಲಿಲ್ಲ. ತನ್ನ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡ. 1662ರಲ್ಲಿ ಅವನು ತೀರಿಕೊಂಡ ಮೇಲೆ ಬಟ್ಟೆ ಸರಿಸುತ್ತಿದ್ದ ಸೇವಕನ ಕೈಗೆ ಏನೋ ದಪ್ಪಗೆ ಸಿಕ್ಕಿ, ಬಿಚ್ಚಿ ನೋಡಿದಾಗ ಕಾಗದ ಹೊರಬಂತು. ಎಂಟು ವರ್ಷ ಅದು ಮೈಗೆ ತಾಗಿಕೊಂಡೇ ಇತ್ತು. ಹಂಚಿಕೊಳ್ಳದ ಸಂತೋಷ ಸಂತೋಷವೇ ಅಲ್ಲ ಎಂದು ನಂಬಿಸಿಬಿಟ್ಟಿರುವ ಈ ಕಾಲದಲ್ಲಿ, ಒಬ್ಬನೇ ಒಬ್ಬ ಮನುಷ್ಯನೂ ಮೆಚ್ಚಬೇಕಾಗಿರದ ಆನಂದವೊಂದು ಅಂಗಿಯೊಳಗೆ ಇರಬಹುದೆಂದು ಕೇಳಿ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು.

ಸಂತೋಷವೆಂದಾಗ ನಗುಮುಖವನ್ನು ಕುರಿತು ಹೇಳುತ್ತಿಲ್ಲ. ಫಿಲಿಪ್ಪಿಯವರಿಗೆ ಬರೆದ ನಾಲ್ಕೇ ಅಧ್ಯಾಯಗಳ ಪತ್ರದಲ್ಲಿ ಸಂತೋಷ, ಆನಂದಿಸಿರಿ ಎಂಬ ಮಾತುಗಳು ಹತ್ತಕ್ಕೂ ಹೆಚ್ಚು ಸಾರಿ ಬರುತ್ತವೆ. ಅದನ್ನು ಬರೆದ ಪೌಲ ಬೇಡಿಯಲ್ಲಿದ್ದ, ಬದುಕುತ್ತೇನೋ ಸಾಯುತ್ತೇನೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಇದ್ದ ಸ್ಥಿತಿಯಲ್ಲಿಯೇ ಸಂತುಷ್ಟನಾಗಿರುವುದನ್ನು ಕಲಿತಿದ್ದೇನೆ ಎನ್ನುತ್ತಾನೆ. ಕಲಿತಿದ್ದೇನೆ ಎಂದರೆ ಅದಕ್ಕೆ ವರ್ಷಗಳು ಹಿಡಿದಿವೆ ಎಂದೇ ಅರ್ಥ. ಸ್ತುತಿ ನಿಂದೆಗಳು ಬಂದಾಗ ಸಮಾಧಾನಿಯಾಗಿರಬೇಕೆಂದು ಅಕ್ಕಮಹಾದೇವಿಯೂ ಹೇಳಿದ್ದಾಳಲ್ಲ, ಇದರಲ್ಲಿ ಕ್ರೈಸ್ತರದೇ ಆದದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಆ ಸಮಾಧಾನದ ಬಾಗಿಲಿಗೆ ನಾನು ಯಾವ ದಾರಿಯಿಂದ ಬಂದೆ ಎಂಬುದನ್ನಷ್ಟೇ ಹೇಳಬಲ್ಲೆ. ಇಲ್ಲಿಯೇ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮನಸ್ಸಿನ ಕಾಯಿಲೆಯಿಂದ ಬಳಲುತ್ತಿರುವ ಮಗುವಿಗೆ ‘ವಿಶ್ವಾಸ ಸಾಲದು, ಇನ್ನೂ ಪ್ರಾರ್ಥಿಸು’ ಎಂದು ಹೇಳಿ ಕಳುಹಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಕ್ರೌರ್ಯ. ಮುರಿದ ಕಾಲಿಗೆ ವೈದ್ಯರು ಬೇಕಾದಂತೆ ಖಿನ್ನತೆಗೂ ವೈದ್ಯರು ಬೇಕು. ಪ್ರಾರ್ಥನೆ ವೈದ್ಯರ ಬಾಗಿಲಿಗೆ ಜೊತೆಯಾಗಿ ನಡೆಯಲಿ, ಅಡ್ಡವಾಗಿ ಮಲಗುವುದು ಬೇಡ.

ನಮ್ಮ ಸಭೆಗಳ ಬಗ್ಗೆಯೂ ಎರಡು ಮಾತು ಹೇಳದೆ ಮುಗಿಸಿದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಗೆಳೆಯರ ಒತ್ತಡದಿಂದ ತಪ್ಪಿಸಿಕೊಳ್ಳಲು ಚರ್ಚಿಗೆ ಬನ್ನಿ ಎಂದು ಕರೆದು, ಬಂದವರನ್ನು ಅದೇ ಒತ್ತಡದ ಇನ್ನೊಂದು ಕೋಣೆಗೆ ನೂಕುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಯಾರ ಪ್ರಾರ್ಥನೆ ಉದ್ದ, ಯಾರ ಸಾಕ್ಷಿಗೆ (ಸಭೆಯೆದುರು ಹೇಳಿಕೊಳ್ಳುವ ವಿಶ್ವಾಸದ ಅನುಭವಕ್ಕೆ) ಹೆಚ್ಚು ‘ಆಮೆನ್’ ಬಿತ್ತು, ಹಾಡುವಾಗ ಯಾರು ಕೈಯೆತ್ತಲಿಲ್ಲ, ಯಾರ ಮಗಳು ಎಂಥ ಬಟ್ಟೆ ಹಾಕಿದ್ದಳು ಎಂಬ ಲೆಕ್ಕ ಆರಾಧನೆ ಮುಗಿದ ಹತ್ತು ನಿಮಿಷದಲ್ಲಿ ತಯಾರಾಗಿರುತ್ತದೆ. ಬಡವರಿಗೆ ಕೊಡುವ ಹೊದಿಕೆಯ ಒಂದು ಅಂಚನ್ನು ಐದು ಜನ ಹಿಡಿದು ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನಾನೂ ಮಾಡಿದ್ದೇನೆ. ಪೂರ್ತಿ ಸಂದಿದೆ ಎಂಬ ರಸೀದಿಯ ಮಾತು ನನಗೂ ಅನ್ವಯಿಸುತ್ತದೆ. ಇದೂ ಹೊಸ ರೋಗವಲ್ಲ. ಬೆಂಕಿಯ ಮುಂದೆ ಸೋತು, ಅತ್ತು, ಕ್ಷಮೆ ಪಡೆದು, ಸಭೆಗೆ ಸ್ತಂಭವೆನಿಸಿಕೊಂಡ ಪೇತ್ರನೇ ಮುಂದೆ ಅಂತಿಯೋಕ್ಯದಲ್ಲಿ ಮತ್ತೆ ಜಾರಿದ. ಅನ್ಯಜನರಾದ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನಿಂದ ಅಲ್ಲಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದೊಡನೆ ಅವರಿಗೆ ಹೆದರಿ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು, ಸಜ್ಜನನಾದ ಬಾರ್ನಬನೂ ಸರಿದ. ಪೌಲನು ಎಲ್ಲರ ಎದುರಿಗೇ ಅವನನ್ನು ಪ್ರಶ್ನಿಸಿದ್ದು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಒಮ್ಮೆ ಲೋಕದವರ ಭಯ, ಇನ್ನೊಮ್ಮೆ ಭಕ್ತರ ಭಯ. ನನ್ನ ಅನುಭವದಲ್ಲಿ ಎರಡನೆಯದನ್ನು ಗುರುತಿಸುವುದೇ ಹೆಚ್ಚು ಕಷ್ಟ, ಏಕೆಂದರೆ ಅದು ಭಕ್ತಿಯ ಬಟ್ಟೆಯನ್ನೇ ತೊಟ್ಟಿರುತ್ತದೆ.

ಹಾಗಾಗಿ ನಮ್ಮ ಕೂಟದ ಮಕ್ಕಳಿಗೆ ನಾನೀಗ ಪ್ರಸಂಗ ಕಡಿಮೆ ಮಾಡಿ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ವಾರದಲ್ಲಿ ಒಂದು ಒಳ್ಳೆಯ ಕೆಲಸವನ್ನು ಯಾರಿಗೂ ತಿಳಿಯದಂತೆ ಮಾಡಬೇಕು. ನನಗೂ ಹೇಳಬಾರದು, ಕೂಟದಲ್ಲಿ ಸಾಕ್ಷಿಯಾಗಿಯೂ ಹೇಳಬಾರದು. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂಬ ವಚನವನ್ನು ಅಕ್ಷರಶಃ ಪಾಲಿಸುವುದು, ಅಷ್ಟೆ. ಮಕ್ಕಳಿಗೆ ಕಷ್ಟವೆನಿಸುವುದು ಕೆಲಸವಲ್ಲ, ಹೇಳದೆ ಇರುವುದು. ಮೂರನೆಯ ವಾರದ ಹೊತ್ತಿಗೆ ಒಬ್ಬ ಹುಡುಗ ಬಂದು, ‘ಅಂಕಲ್, ಹೊಟ್ಟೆಯೊಳಗೆ ಏನೋ ಬೆಚ್ಚಗಿರುವ ಹಾಗಿದೆ’ ಎಂದ. ಏನು ಮಾಡಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಆ ಕಾಲೇಜಿನ ಗೆಳೆಯನಿಗೆ, ವಿಳಾಸ ಹುಡುಕಿ, ಕೆಲವು ವರ್ಷಗಳ ಹಿಂದೆ ಕ್ಷಮೆ ಕೇಳಿ ಕಾಗದ ಬರೆದೆ. ಬೆಂಚು, ಡಬ್ಬಿ, ಮುಚ್ಚಳ, ನನ್ನ ನಗು, ನಾನಾಡಿದ ಮಾತು, ಒಂದನ್ನೂ ಬಿಡದೆ ಬರೆದೆ. ತಿಂಗಳ ಮೇಲೆ ಉತ್ತರ ಬಂತು. ಡಬ್ಬಿ ಕದ್ದದ್ದು ಅವನಿಗೆ ನೆನಪೇ ಇರಲಿಲ್ಲವಂತೆ. ‘ಆ ವರ್ಷ ಅಮ್ಮ ಕಾಯಿಲೆ ಬಿದ್ದಿದ್ದಳು, ಊಟಕ್ಕೆ ಮೊದಲು ಕಣ್ಣು ಮುಚ್ಚಿದಾಗ ಅವಳನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ನೀವೆಲ್ಲ ಅಲ್ಲಿದ್ದಿರೋ ಇಲ್ಲವೋ ನಾನು ಗಮನಿಸಿಯೇ ಇರಲಿಲ್ಲ’ ಎಂದು ಬರೆದಿದ್ದ. ನಾವು ಅಷ್ಟು ಜನ ಯಾರನ್ನು ನೋಡಿ ನಗುತ್ತಿದ್ದೆವೋ ಆ ಮನುಷ್ಯ ನಮ್ಮ ಗುಂಪಿನ ಹೊರಗೆ ನಿಂತಿದ್ದನೆಂದು ನಾ ತಿಳಿದಿದ್ದೆ. ಅವನು ಒಳಗೆಲ್ಲೋ ಇದ್ದ, ಅಲ್ಲಿಗೆ ನಮ್ಮ ಸದ್ದು ಕೇಳುತ್ತಿರಲಿಲ್ಲ.

ಕಡೆಯದಾಗಿ ಒಂದು ಕೋರಿಕೆ. ಕೀರ್ತಿಯ ಆಸೆಯ ವಿರುದ್ಧ ಬರೆಯುವವರಿಗೂ ಚೆನ್ನಾಗಿ ಬರೆದೆನೆಂಬ ಕೀರ್ತಿಯ ಆಸೆ ಇರುತ್ತದೆ ಎಂದು ಮೇಲೆ ಹೇಳಿದ ಪಾಸ್ಕಲನೇ ಬರೆದಿದ್ದಾನೆ. ಅದನ್ನು ನೆನೆದು, ಈ ಪತ್ರದಲ್ಲಿ ನನ್ನ ಹೆಸರು ಬೇಡ ಎಂದು ಮೊದಲ ಪ್ರತಿಯಲ್ಲಿ ಬರೆದಿದ್ದೆ. ಓದಿದ ನನ್ನ ಹೆಂಡತಿ, ಹೆಸರು ಮುಚ್ಚಿಟ್ಟು ಎಲ್ಲರೂ ಯಾರಿರಬಹುದೆಂದು ಹುಡುಕಲಿ ಎಂದು ಕಾಯುವುದು ಇನ್ನೂ ದೊಡ್ಡ ಜಂಬ ಎಂದಳು. ಅವಳ ಮಾತು ನಿಜವಾದ್ದರಿಂದ ಹೆಸರು, ವಿಳಾಸ ಎರಡನ್ನೂ ಕೊನೆಯ ಪುಟದ ಹಿಂಬದಿಯಲ್ಲಿ ಬರೆದಿದ್ದೇನೆ. ಅಚ್ಚು ಹಾಕುವುದೋ ಬಿಡುವುದೋ ತಮಗೆ ಬಿಟ್ಟದ್ದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ

(ಹೆಸರು, ವಿಳಾಸ ಪತ್ರಿಕೆಯ ಬಳಿ ಇವೆ – ಸಂ.)